ಹಜಾರದಲ್ಲೊಂದು ಕಂಬದ ಕಳ್ಳಿ



ಹೋದ ಸಂಚಿಕೆಯಲ್ಲಿ ಕರಿಬೇವಿನ ಗಿಡದ ಬಗ್ಗೆ ಬರೆದಿದ್ದೆನಲ್ಲ, ಅದಕ್ಕೆ ಬಂದ ಕಾಗದಗಳ ನಡುವೆ ಒಂದು ಕಾಗದ ನನ್ನನ್ನು ಎರಡು ದಿನ ಕಾಡಿತು. ಬರೆದವರು ಚಿಕ್ಕನಾಯಕನಹಳ್ಳಿ ಕಡೆಯ ಸೋದರಿ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಮಗಳು ಕಾಲೇಜಿನಿಂದ ರಜೆಗೆ ಬರುವಾಗ ಉದ್ದನೆಯ ಕ್ಯಾಕ್ಟಸ್ ಗಿಡವೊಂದನ್ನು ತಂದುಕೊಟ್ಟಳಂತೆ. ಎರಡು ಅಡಿ ಎತ್ತರ ಇದೆಯಂತೆ. "ಒಳ್ಳೆ ನಾರಿನ ಹೊಟ್ಟು, ಕೊಟ್ಟಿಗೆ ಗೊಬ್ಬರ ತುಂಬಿ ನೆಟ್ಟಿದೀನಿ. ದಿನಾ ತಪ್ಪದೆ ನೀರು ಹಾಕ್ತೀನಿ. ಆದರೂ ಬುಡ ಹಳದಿಯಾಗಿ ಮೆತ್ತಗಾಗಿದೆ. ಇನ್ನೂ ಜಾಸ್ತಿ ನೀರು ಹಾಕಲೇ? ಮುಳ್ಳಿನ ಗಿಡ ಮನೆಗೆ ಆಗಿಬರಲ್ಲ, ಅದಕ್ಕೇ ನನ್ನ ಮಗನಿಗೆ ವ್ಯಾಪಾರ ಕೈಹತ್ತುತ್ತಿಲ್ಲ ಅಂತ ಅತ್ತೆ ಅಂತಾರೆ. ಎಸೆದುಬಿಡಲೇ?" ಎಂದು ಕೇಳಿದ್ದಾರೆ.

ಸೋದರಿ, ಮೊದಲು ಎರಡು ಮಾತು ಹೇಳಿಬಿಡುತ್ತೇನೆ, ಮಿಕ್ಕದ್ದು ಆಮೇಲೆ. ಈ ಪುಟ ಓದಿದ ಗಳಿಗೆಯಿಂದ ಆ ಗಿಡಕ್ಕೆ ಒಂದು ತೊಟ್ಟು ನೀರೂ ಹಾಕಬೇಡಿ. ಮತ್ತೆ, ಎಸೆಯಬೇಡಿ. ಬುಡ ಹೋಗಿದ್ದರೂ ತಲೆ ಉಳಿದಿರಬಹುದು. ಬೆರಳಿನಿಂದ ಮುಳ್ಳಿಲ್ಲದ ಕಡೆ ಮೆಲ್ಲಗೆ ಒತ್ತಿ ನೋಡಿ. ಎಲ್ಲಿಂದ ಮೇಲಕ್ಕೆ ಹಸಿ ಸೌತೆಕಾಯಿಯ ಹಾಗೆ ಗಟ್ಟಿಯಾಗಿದೆಯೋ ಅಲ್ಲಿಂದ ಮೇಲಿನದು ನಿಮ್ಮ ಗಿಡ. ಕೆಳಗಿನದನ್ನು ಬಿಟ್ಟುಬಿಡಿ.

ಇದನ್ನು ಇಷ್ಟು ಧೈರ್ಯವಾಗಿ ಹೇಗೆ ಹೇಳುತ್ತೀರಿ ಅಂತೀರಾ? ನೀವು ಮಾಡಿದ್ದನ್ನೆಲ್ಲ ಒಂದೂ ಬಿಡದೆ ನಾನೂ ಮಾಡಿದ್ದೆ. ನೀವು ಕೇಳಿಸಿಕೊಂಡ ಮಾತನ್ನೂ ಕೇಳಿಸಿಕೊಂಡಿದ್ದೆ.

2015ರ ಆಗಸ್ಟಿನಲ್ಲಿ ನಾವು ಮನೆಮಂದಿ ಬೆಂಗಳೂರಿನ ಲಾಲ್‌ಬಾಗಿಗೆ ಫಲಪುಷ್ಪ ಪ್ರದರ್ಶನ ನೋಡಲು ಹೋಗಿದ್ದೆವು. ಗಾಜಿನ ಮನೆಯ ಹೂವೆಲ್ಲ ನೋಡಿ ಕಾಲು ಸೋತು ಹೊರಗೆ ಬಂದರೆ, ಗಿಡ ಮಾರುವ ಮಳಿಗೆಯಲ್ಲಿ ಒಂದೂವರೆ ಅಡಿಯ ಒಂದು ಕಳ್ಳಿ ನಿಂತಿತ್ತು. ಬೂದಿ ಬೆರೆತ ಹಸಿರು ಬಣ್ಣ, ಮೇಣ ಸವರಿದಂಥ ಮೈ, ಉದ್ದಕ್ಕೂ ಏಳು ಏಣು. ಕೊಂಬೆಯಿಲ್ಲ, ಎಲೆಯಿಲ್ಲ, ದೇವಸ್ಥಾನದ ದೀಪದ ಕಂಬದ ಹಾಗೆ ನೆಟ್ಟಗೆ. ಯಾಕೋ ಬಿಟ್ಟುಬರಲು ಮನಸ್ಸಾಗಲಿಲ್ಲ. ಹೆಸರು ಕೇಳಿದರೆ ಅಂಗಡಿಯಾತ "ಸೀರಿಯಸ್" ಅಂದ. ನಮ್ಮ ಯಜಮಾನರು, "ಗಿಡಾನೂ ನಿನ್ನ ಹಾಗೇ ಸೀರಿಯಸ್ಸಾ?" ಎಂದು ನಕ್ಕರು. ಗಿಡದ ಹೆಸರೇ ಹಾಗೆ. ಲ್ಯಾಟಿನ್ ಭಾಷೆಯಲ್ಲಿ ಮೇಣದ ಬತ್ತಿ ಎಂಬ ಅರ್ಥವಂತೆ. ನಾನು ಕಂಬದ ಕಳ್ಳಿ ಅಂತಲೇ ಕರೆಯುತ್ತೇನೆ. ತಿಪಟೂರಿನವರೆಗೆ ರೈಲಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಸೀರೆಯಲ್ಲಿ ಸಿಕ್ಕಿದ ಮುಳ್ಳು ಮೂರು ಒಗೆತವಾದರೂ ಹೋಗಲಿಲ್ಲ.

ಮನೆ ಬಾಗಿಲಲ್ಲೇ ಅತ್ತೆಯವರು ತಡೆದರು. "ಅಲ್ಲ ಕಣವ್ವ, ಕಳ್ಳಿ ಬೆಳೆಯೋದು ಹಾಳುಬಿದ್ದ ಮನೆ ಮ್ಯಾಲೆ. ಬಾಳೋ ಮನೆ ಒಳಕ್ಕೆ ಯಾರಾದ್ರೂ ತರ್ತಾರಾ?" ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ ನೋಡಿ. ನಮ್ಮ ಕಡೆ ಕಳ್ಳಿಯೆಂದರೆ ಬೇಲಿಯದು, ಬದುವಿನದು, ಗೋಡೆ ಬಿದ್ದ ಮನೆಯದು. ಇವರು ಏನೋ ಹೇಳಿ ಸಮಾಧಾನ ಮಾಡಿದರು. ಗಿಡ ಹಜಾರದ ಮೂಲೆಯಲ್ಲಿ ನಿಂತಿತು.

ಬಂದ ಕುಂಡದಲ್ಲಿ ಇರುವ ತನಕ ಚೆನ್ನಾಗಿತ್ತು. ಮಾರನೆ ವರ್ಷ ದೊಡ್ಡ ಸಿಮೆಂಟ್ ಕುಂಡಕ್ಕೆ ಬದಲಾಯಿಸಿದೆ. ಮಣ್ಣು ಯಾಕೆ, ನಮ್ಮೂರಲ್ಲಿ ನಾರಿನ ಹೊಟ್ಟಿಗೆ ಬರವೇ ಅಂದುಕೊಂಡು, ಮಟ್ಟೆ ಬಡಿದ ಜಾಗದಿಂದ ಒಂದು ಗೋಣಿಚೀಲ ಹೊಟ್ಟು ತರಿಸಿ, ಎರಡು ಬಾಂಡಲಿ ಗೊಬ್ಬರ ಸೇರಿಸಿ ಭರ್ತಿ ತುಂಬಿದೆ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನ ಹೆಂಗಸರು ಯಾವ ಗಿಡ ನೆಟ್ಟರೂ ಮಾಡುವುದು ಇದನ್ನೇ ಅಲ್ಲವೇ? ಮಲ್ಲಿಗೆಗೆ ಸರಿ, ದಾಸವಾಳಕ್ಕೆ ಸರಿ. ಹೊಟ್ಟು ತನ್ನ ತೂಕದ ಐದಾರು ಪಟ್ಟು ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹಿಂಡಿದರೆ ನೀರು ಬರುತ್ತದೆ. ಕಳ್ಳಿಯ ಬೇರಿಗೆ ಅದು ಒದ್ದೆ ಬಟ್ಟೆ ಸುತ್ತಿ ಕೂರಿಸಿದ ಹಾಗೆ.

ಆ ವರ್ಷ ಯಾವುದು ಅಂತ ನಿಮಗೆ ನೆನಪಿರಬಹುದು. 2016. ಅದಕ್ಕೆ ಹಿಂದಿನ ಮೂರು ನಾಲ್ಕು ವರ್ಷವೂ ಮಳೆ ಸರಿಯಾಗಿರಲಿಲ್ಲ, ಆ ವರ್ಷವಂತೂ ಕೈಕೊಟ್ಟಿತು. ತುರುವೇಕೆರೆ ರಸ್ತೆಯ ಕಡೆ ಇರುವ ನಮ್ಮ ತೋಟದ ಕೊಳವೆಬಾವಿ ಮೊದಲು ಬಿಟ್ಟು ಬಿಟ್ಟು ನೀರು ಕೊಟ್ಟಿತು, ಆಮೇಲೆ ಬರೀ ಗಾಳಿ. ತೆಂಗಿನ ಮರಕ್ಕೆ ಹನಿ ನೀರಾವರಿಯಲ್ಲಿ ಕೊಟ್ಟರೂ ಬೇಸಿಗೆಯಲ್ಲಿ ದಿನಕ್ಕೆ 40–50 ಲೀಟರ್ ಬೇಕು. ಎಲ್ಲಿಂದ ತರುವುದು? ಟ್ಯಾಂಕರ್ ತರಿಸಿದರು. ಒಂದು ಟ್ಯಾಂಕರಿಗೆ ಎಷ್ಟು ಮರ ನೆನೆಯುತ್ತದೆ ಅಂತ ಲೆಕ್ಕ ಹಾಕಿ, ಕೊನೆಗೆ ಅರ್ಧ ತೋಟ ಕೈಬಿಟ್ಟರು. ಗರಿ ಜೋತುಬಿದ್ದವು, ಎಳೆ ಕಾಯಿ ಉದುರಿದವು, ಆಮೇಲೆ ಒಂದೊಂದೇ ಮರದ ಸುಳಿ ಮುರಿದು ಬಿತ್ತು. ಮೂವತ್ತೇಳು ಮರ. ಮಾವನವರು ಇದ್ದಾಗ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಮರಗಳು.

ಮನೆಯಲ್ಲಿ ನೀರನ್ನು ಚೊಂಬಿನ ಲೆಕ್ಕದಲ್ಲಿ ಖರ್ಚು ಮಾಡುತ್ತಿದ್ದ ಕಾಲ. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಚೆಲ್ಲಲು ಕೈ ಬರುತ್ತಿರಲಿಲ್ಲ. ಹಿತ್ತಲಿಗೆ ಹೋಗಿ ಹಾಕುವಷ್ಟು ಹೊತ್ತಿಲ್ಲದಾಗ ಹಜಾರದ ಕುಂಡಕ್ಕೆ ಸುರಿಯುತ್ತಿದ್ದೆ. ದಿನಾ ಎರಡು ಹೊತ್ತು. ತೋಟದ ಮರ ನೀರಿಲ್ಲದೆ ಸಾಯುತ್ತಿದ್ದವು, ಮನೆಯೊಳಗಿನ ಕಳ್ಳಿ ನೀರು ಕುಡಿದು ಸಾಯುತ್ತಿತ್ತು. ನನಗೆ ಗೊತ್ತೇ ಆಗಲಿಲ್ಲ. ಬುಡ ಹಳದಿಯಾದಾಗ, ಪಾಪ, ಇದಕ್ಕೂ ನೀರು ಸಾಲದೇನೋ ಅಂತ ಇನ್ನೊಂದು ಚೊಂಬು ಹಾಕಿದೆ!

ಒಂದು ದಿನ ಇವರು ತೋಟದಿಂದ ಬಂದು ಜಗಲಿಯ ಮೇಲೆ ಮಾತಿಲ್ಲದೆ ಕೂತರು. ಅತ್ತೆಯವರು ಹಜಾರದ ಮೂಲೆ ನೋಡಿದರು, ಬಾಗಿದ ಕಳ್ಳಿ ನೋಡಿದರು. "ನಾನು ಅವತ್ತೇ ಹೇಳ್ನಿಲ್ವಾ? ಅದು ಬಂತು, ತ್ವಾಟ ಹೋಯ್ತು. ಈಗ ಅದೂ ಹೋಗ್ತೈತೆ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಅಳುತ್ತಾ ಹೇಳಿದರು. ಇವರು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಆ ಮೌನ ನನಗೆ ಹೆಚ್ಚು ನೋವು ಮಾಡಿತು ಅಂತ ಈಗ ಬರೆದರೆ ಅವರು ಓದಿ ಬೇಜಾರು ಮಾಡಿಕೊಳ್ಳಬಹುದು, ಮಾಡಿಕೊಳ್ಳಲಿ.

ತಿಪ್ಪೆಗೆ ಎಸೆಯೋಣವೆಂದೇ ಎತ್ತಿಕೊಂಡು ಹೋದೆ. ಎತ್ತುವಾಗ ಬುಡ ಕೊಳೆತ ಪರಂಗಿಹಣ್ಣಿನ ಹಾಗೆ ಕೈಗೆ ಬಂತು, ಕೆಟ್ಟ ವಾಸನೆ. ಮೇಲಿನ ಒಂದು ಅಡಿ ಮಾತ್ರ ಗಟ್ಟಿಯಾಗಿತ್ತು. ಈಳಿಗೆಮಣೆ ತಂದು ಕತ್ತರಿಸಿದೆ. ಕತ್ತರಿಸಿದ ಜಾಗದ ನಡುವೆ ಕಂದು ಬಣ್ಣದ ಉಂಗುರ ಕಂಡಿತು, ಇನ್ನೆರಡು ಬೆರಳು ಮೇಲೆ ಕತ್ತರಿಸಿದೆ, ಇನ್ನೂ ಚುಕ್ಕೆ. ಮೂರನೇ ಸಲ ಬಿಳಿಹಸಿರು ತಿರುಳು ಶುದ್ಧವಾಗಿ ಕಂಡಿತು. ಒಂಬತ್ತು ಅಂಗುಲದ ತುಂಡು ಉಳಿಯಿತು. ಅದನ್ನು ಏನು ಮಾಡುವುದು? ಕೆಳಗಿಟ್ಟರೆ ಅತ್ತೆಯ ಕಣ್ಣಿಗೆ ಬೀಳುತ್ತದೆ. ಕೊಬ್ಬರಿ ಅಟ್ಟಕ್ಕೆ ಹತ್ತಿಸಿದೆ.

ನಮ್ಮ ಕಡೆ ಉಂಡೆ ಕೊಬ್ಬರಿ ಆಗುವ ಬಗೆ ನಿಮಗೆ ಹೇಳಬೇಕಿಲ್ಲ. ಕಾಯಿ ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಒಂದೊಂದು ಸಲ ವರ್ಷ, ಯಾರೂ ಮುಟ್ಟದೆ ಕೂತಿರುತ್ತದೆ. ನೆರಳು, ಗಾಳಿ, ಒಣ ಜಾಗ. ಅವಸರ ಮಾಡಿ ಒಡೆದರೆ ಹಸಿಯಿದ್ದು ಬೂಸಲು ಬರುತ್ತದೆ. ಆ ವರ್ಷ ಅಟ್ಟ ಅರ್ಧ ಖಾಲಿಯಿತ್ತು. ಮೂಲೆಯಲ್ಲಿ ಒಂದು ಹಳೆ ಡಬ್ಬದಲ್ಲಿ ತುಂಡನ್ನು ನೆಟ್ಟಗೆ ನಿಲ್ಲಿಸಿ ಇಳಿದು ಬಂದೆ. ನೆಡುವುದಕ್ಕೂ ಮನಸ್ಸಿರಲಿಲ್ಲ, ಎಸೆಯುವುದಕ್ಕೂ ಮನಸ್ಸಿರಲಿಲ್ಲ, ಅಷ್ಟೇ. ನಾಲ್ಕು ವಾರದ ಮೇಲೆ ಯಾವುದಕ್ಕೋ ಹತ್ತಿದವಳು ನೋಡಿದರೆ, ಕತ್ತರಿಸಿದ ಜಾಗ ಚಿಪ್ಪಿನ ಹಾಗೆ ಒಣಗಿ ಗಟ್ಟಿಯಾಗಿ, ನಡುವಿನ ಉಂಗುರದಿಂದ ಎರಡು ಬಿಳಿ ಬೇರು ಇಣುಕುತ್ತಿದ್ದವು. ನೀರಿಲ್ಲ, ಮಣ್ಣಿಲ್ಲ!

ಕಳ್ಳಿ ಕತ್ತರಿಸಿದರೆ ಮಾಡಬೇಕಾದ್ದು ಅದೇ ಎಂದು ಆಮೇಲೆ ಓದಿ ತಿಳಿದೆ. ಗಾಯ ಒಣಗುವ ಮುಂಚೆ ನೆಟ್ಟರೆ ಮಣ್ಣಿನ ಪಸೆ ಒಳಹೊಕ್ಕು ಮತ್ತೆ ಕೊಳೆಯುತ್ತದೆ. ಎರಡರಿಂದ ನಾಲ್ಕು ವಾರ ನೆರಳಿನಲ್ಲಿ ಒಣಗಲು ಬಿಡಬೇಕು, ದಪ್ಪ ತುಂಡಾದರೆ ಇನ್ನೂ ಸ್ವಲ್ಪ. ಮಲಗಿಸಬಾರದು. ಮಲಗಿಸಿದರೆ ಪಕ್ಕದಿಂದ ಬೇರು ಬರುತ್ತದೆ, ತುದಿ ಮೇಲಕ್ಕೆ ಡೊಂಕಾಗುತ್ತದೆ. ಪ್ರತಿ ಸಲ ಕತ್ತರಿಸುವಾಗಲೂ ಚಾಕುವನ್ನು ಸ್ಪಿರಿಟ್ಟಿನಿಂದ ಒರೆಸಬೇಕು, ಇಲ್ಲವಾದರೆ ಕೊಳೆಯನ್ನು ನಾವೇ ಒಳ್ಳೆ ಭಾಗಕ್ಕೆ ಹಚ್ಚಿದ ಹಾಗೆ. ಕೆಲವರು ಗಾಯಕ್ಕೆ ಗಂಧಕದ ಪುಡಿ ಹಚ್ಚುತ್ತಾರೆ. ನಾನು ಅರಿಶಿನ ಹಚ್ಚಿದ್ದೆ. ಗುಣವಾದದ್ದು ಅರಿಶಿನದಿಂದಲೋ ಒಣಗಿದ್ದರಿಂದಲೋ ಕೇಳಿದರೆ, ಒಣಗಿದ್ದರಿಂದಲೇ ಅಂತೀನಿ.

ಇದು ಹೀಗೇಕೆ ಅಂದರೆ, ಕಳ್ಳಿಯ ಬದುಕಿನ ಕ್ರಮವೇ ಬೇರೆ. ತೆಂಗು ಮೊದಲಾದ ಗಿಡಮರಗಳು ಹಗಲು ಹೊತ್ತು ಎಲೆಯ ಸಣ್ಣ ಸಣ್ಣ ರಂಧ್ರ ತೆರೆದು ಗಾಳಿ ತೆಗೆದುಕೊಳ್ಳುತ್ತವೆ, ಆಗ ಒಳಗಿನ ನೀರೂ ಆವಿಯಾಗಿ ಹೋಗುತ್ತದೆ. ಕಳ್ಳಿ ಬಿಸಿಲಿನ ಹೊತ್ತೆಲ್ಲ ಬಾಗಿಲು ಹಾಕಿಕೊಂಡು, ರಾತ್ರಿ ತಂಪಾದ ಮೇಲೆ ತೆರೆಯುತ್ತದೆ. ಎಲೆಯನ್ನೇ ಬಿಟ್ಟುಬಿಟ್ಟಿದೆ, ಹಸಿರೆಲ್ಲ ಕಾಂಡದಲ್ಲಿ. ಏಣುಗಳಿವೆಯಲ್ಲ, ಅವು ಸೀರೆಯ ನೆರಿಗೆಯ ಹಾಗೆ. ನೀರು ಕುಡಿದಾಗ ಬಿಚ್ಚಿಕೊಂಡು ಉಬ್ಬುತ್ತವೆ, ಒಣಗಿದಾಗ ಮಡಚಿಕೊಳ್ಳುತ್ತವೆ. ನೆರಿಗೆ ಆಳವಾದರೆ ನೀರು ಬೇಕು ಅಂತ ಅರ್ಥ. ಉಬ್ಬಿಕೊಂಡಿರುವಾಗ ಹಾಕಿದರೆ ಹೊಟ್ಟೆ ತುಂಬಿದವರಿಗೆ ಬಲವಂತವಾಗಿ ಬಡಿಸಿದ ಹಾಗೆ.

ಬೇರು ಬಿಟ್ಟ ತುಂಡನ್ನು ಎರಡನೇ ಸಲ ನೆಡುವಾಗ ನಾರಿನ ಹೊಟ್ಟನ್ನು ಹತ್ತಿರ ಸೇರಿಸಲಿಲ್ಲ. ಕೆಮ್ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಗರಸು ಮತ್ತು ಇಟ್ಟಿಗೆ ಚೂರು ಸೇರಿ ಒಂದು ಪಾಲು, ಜೊತೆಗೆ ತೆಂಗಿನ ಚಿಪ್ಪಿನ ಇದ್ದಿಲು ಕುಟ್ಟಿ ಎರಡು ಹಿಡಿ. ಹಳೆಯದಾಗಿ ಪುಡಿಯಾದ ಗೊಬ್ಬರ ಒಂದು ಹಿಡಿ ಸಾಕು, ಹಸಿ ಗೊಬ್ಬರ ಬೇಡವೇ ಬೇಡ. ಈಗ ಮರಳು ಎಲ್ಲಿ ಸಿಗುತ್ತೆ ಅಂತೀರಾ? ಮನೆ ಕಟ್ಟುವ ಕಡೆ ಎಂ-ಸ್ಯಾಂಡ್ ಇರುತ್ತದಲ್ಲ, ಅದನ್ನೇ ಜರಡಿ ಹಿಡಿದು ದೂಳು ತೆಗೆದು, ಎರಡು ನೀರಿನಲ್ಲಿ ತೊಳೆದು ಬಳಸಿ. ಕುಂಡ ಮಣ್ಣಿನದಿರಲಿ, ತಳದಲ್ಲಿ ತೂತು ಇರಲೇಬೇಕು, ಗಿಡಕ್ಕಿಂತ ತೀರ ದೊಡ್ಡದು ಬೇಡ. ದೊಡ್ಡ ಕುಂಡದ ಮಣ್ಣು ಬೇಗ ಒಣಗುವುದಿಲ್ಲ. ಗಿಡ ಎತ್ತರವಾದ ಮೇಲೆ ತಲೆಭಾರಕ್ಕೆ ಉರುಳುತ್ತದೆ, ಆಗ ಆ ಕುಂಡವನ್ನೇ ಒಂದು ಕಲ್ಲಿನ ಒರಳಿನೊಳಗೆ ಇಳಿಸಿಬಿಡಿ. ಮಿಕ್ಸಿ ಬಂದ ಮೇಲೆ ಎಷ್ಟು ಮನೆಯಲ್ಲಿ ಒರಳು ಹಿತ್ತಲಲ್ಲಿ ಬಿದ್ದಿಲ್ಲ? ಆದರೆ ಒರಳಿನಲ್ಲಿ ನೀರು ನಿಲ್ಲದ ಹಾಗೆ ಕುಂಡದ ಕೆಳಗೆ ಎರಡು ಇಟ್ಟಿಗೆ ತುಂಡು ಕೊಟ್ಟು, ನೀರು ಹಾಕಿದ ದಿನ ಹೊರಗೆ ತೆಗೆದು ಬಸಿಯಿರಿ.

ನೀರು ಹಾಕುವ ದಿನ ಧಾರಾಳವಾಗಿ ಹಾಕಿ, ತಳದ ತೂತಿನಿಂದ ಹರಿದುಹೋಗಲಿ. ಆಮೇಲೆ ಪೂರಾ ಒಣಗುವ ತನಕ ಮರೆತುಬಿಡಿ. ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಹನ್ನೆರಡು ಹದಿನೈದು ದಿನಕ್ಕೊಂದು ಸಲ ಆಗುತ್ತದೆ. ಮಳೆಗಾಲದಲ್ಲಿ ಮೂರು ವಾರ. ಕಾರ್ತಿಕದಿಂದ ಸಂಕ್ರಾಂತಿಯವರೆಗೆ ಚಳಿಯಲ್ಲಿ ತಿಂಗಳಿಗೊಮ್ಮೆ, ಅದೂ ಅನುಮಾನವಿದ್ದರೆ ಬೇಡ. ಒಂದು ಕಡ್ಡಿ ಚುಚ್ಚಿ ತೆಗೆದು ನೋಡಿ, ಇಡ್ಲಿ ಬೆಂದಿದೆಯೋ ಅಂತ ನೋಡುವ ಹಾಗೆ. ಮಣ್ಣು ಅಂಟಿಕೊಂಡರೆ ಇನ್ನೂ ಹಸಿ.

ಬೆಳಕಿನ ವಿಷಯಕ್ಕೆ ಬರೋಣ. ಮನೆಯೊಳಗೆ ಅಂದರೆ ಕತ್ತಲ ಕೋಣೆಯಲ್ಲ. ಬೆಳಕು ಸಾಲದಿದ್ದರೆ ತುದಿ ಇಲಿಬಾಲದ ಹಾಗೆ ಸಣ್ಣಗಾಗಿ ಬೆಳೆಯುತ್ತದೆ. ಆಮೇಲೆ ಎಷ್ಟು ಬಿಸಿಲು ತೋರಿಸಿದರೂ ಆ ಸಣ್ಣಗಾದ ಭಾಗ ಮೊದಲಿನಂತೆ ದಪ್ಪವಾಗುವುದಿಲ್ಲ, ಕಂಬದ ಸೊಂಟ ಮುರಿದ ಹಾಗೆ ಕಾಣುತ್ತದೆ. ತೊಟ್ಟಿ ಮನೆಯಿದ್ದವರು ಪುಣ್ಯವಂತರು, ತೊಟ್ಟಿಯ ಅಂಚಿನಲ್ಲಿಡಿ. ಇಲ್ಲದವರು ಪೂರ್ವದ ಇಲ್ಲವೆ ದಕ್ಷಿಣದ ಕಿಟಕಿಯ ಪಕ್ಕ ಇಟ್ಟು, ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ, ಇಲ್ಲವಾದರೆ ಬೆಳಕಿನ ಕಡೆಗೆ ಬಾಗುತ್ತದೆ. ನೆರಳಿನಲ್ಲಿದ್ದುದನ್ನು ಒಮ್ಮೆಗೇ ಚೈತ್ರದ ಬಿಸಿಲಿಗೆ ಇಟ್ಟರೆ ಮೈ ಸುಟ್ಟು ಬೆಳ್ಳಗೆ ಕಲೆಯಾಗುತ್ತದೆ, ಆ ಕಲೆ ಹೋಗುವುದಿಲ್ಲ. ನಮ್ಮದರ ಬೆನ್ನಿನ ಮೇಲೂ ಒಂದಿದೆ.

ಈಗ ಒಂದು ಎಚ್ಚರಿಕೆ. ಇದನ್ನು ದಯವಿಟ್ಟು ಹಾರಿಸಿ ಓದಬೇಡಿ.

ಮೊದಲ ಗಿಡ ಬದುಕಿತೆಂಬ ಜಂಬದಲ್ಲಿ 2019ರಲ್ಲಿ ಒಂದು ಸಂತೆಯಲ್ಲಿ ಇನ್ನೊಂದು ಉದ್ದನೆಯ ಗಿಡ ಕೊಂಡೆ. ಮಾರುವವನು ಅದಕ್ಕೂ ಕ್ಯಾಕ್ಟಸ್ ಅಂದ. ಮೂರು ಏಣು, ಏಣಿನ ಮೇಲೆ ಸಣ್ಣ ಸಣ್ಣ ಎಲೆ. ಕವಲು ಕತ್ತರಿಸಿ ತಂಗಿಗೆ ಕೊಡೋಣ ಅಂತ ಚಾಕು ಹಾಕಿದೆ, ಬೆಳ್ಳಗೆ ಹಾಲು ಚಿಮ್ಮಿತು. ಕೈ ಸೆರಗಿಗೆ ಒರೆಸಿಕೊಂಡೆ. ಅರ್ಧ ಗಂಟೆಯ ಮೇಲೆ ಅದೇ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಆ ರಾತ್ರಿ ಕಣ್ಣಲ್ಲಿ ಮೆಣಸಿನಪುಡಿ ಎರಚಿದ ಹಾಗೆ ಉರಿ, ದೀಪ ನೋಡಲಾಗದು, ನೀರು ಧಾರಾಕಾರ. ಪಕ್ಕದ ಮನೆಯವರು ಹರಳೆಣ್ಣೆ ಹಾಕಿ ಅಂದರು, ಇನ್ನೊಬ್ಬರು ತುಪ್ಪ ಅಂದರು. ಪುಣ್ಯಕ್ಕೆ ಇವರು ಯಾವುದನ್ನೂ ಹಾಕಗೊಡದೆ ಬೆಳಿಗ್ಗೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. "ಕಳ್ಳಿ ಹಾಲು ಕಣ್ಣಿನ ಪೊರೆಯನ್ನೇ ಸುಡುತ್ತೆ ಕಣಮ್ಮ, ರಾತ್ರಿಯೇ ಬರಬೇಕಾಗಿತ್ತು" ಎಂದು ಅವರು ಗದರಿದರು. ಹತ್ತು ದಿನ ಔಷಧ ಬಿಟ್ಟ ಮೇಲೆ ದೃಷ್ಟಿ ತಿಳಿಯಾಯಿತು. ಹಾಲು ಕಣ್ಣಿಗೆ ತಾಗಿದರೆ ಕೂಡಲೇ ಶುದ್ಧ ನೀರಿನಲ್ಲಿ, ರೆಪ್ಪೆ ಬಿಡಿಸಿ ಹಿಡಿದು, ಹದಿನೈದು ಇಪ್ಪತ್ತು ನಿಮಿಷ ಎಡೆಬಿಡದೆ ತೊಳೆಯಬೇಕು. ಎಣ್ಣೆ, ತುಪ್ಪ, ಎದೆಹಾಲು ಏನನ್ನೂ ಹಾಕಬಾರದು. ಉರಿ ಕಡಿಮೆಯಾಯಿತೆಂದು ಸುಮ್ಮನಾಗದೆ ಆವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಬೇಕು.

ಗೊತ್ತಾಗಿದ್ದೇನೆಂದರೆ, ನಾವು ಕಳ್ಳಿ ಎಂಬ ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಎರಡು ಬೇರೆ ಬೇರೆ ಕುಲಗಳಿವೆ. ಬೇಲಿಯಲ್ಲಿ ಕಾಣುವ ಮೂರು ಏಣಿನ ಕಳ್ಳಿ, ಬೆರಳು ಬೆರಳಾಗಿ ಕವಲೊಡೆಯುವ ಕಳ್ಳಿ, ನಾನು ಸಂತೆಯಲ್ಲಿ ಕೊಂಡದ್ದು, ಎಲ್ಲ ಹಾಲಿನ ಕುಲ. ನನ್ನ ಸೀರಿಯಸ್ ಅಮೆರಿಕ ಖಂಡದ ಕುಲ, ಪಾಪಾಸುಕಳ್ಳಿಯ ನೆಂಟ. ಅದನ್ನು ಕುಯ್ದರೆ ನೀರಿನಂಥ ರಸ ಬರುತ್ತದೆಯೇ ಹೊರತು ಹಾಲಲ್ಲ. ಅದರ ಮುಳ್ಳುಗಳು ಹತ್ತಿಯ ಚುಕ್ಕೆಯಂಥ ಸಣ್ಣ ದಿಂಬಿನಿಂದ ಗೊಂಚಲಾಗಿ ಹೊರಡುತ್ತವೆ. ಹಾಲಿನ ಕಳ್ಳಿಯಲ್ಲಿ ಸಾಮಾನ್ಯವಾಗಿ ಏಣಿನ ಮೇಲೆ ಜೋಡಿ ಜೋಡಿ ಮುಳ್ಳು. ಅನುಮಾನ ಬಂದರೆ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬುಡದ ಹತ್ತಿರ ಸೂಜಿಯಿಂದ ಒಂದು ಚುಕ್ಕೆ ಚುಚ್ಚಿ ನೋಡಿ. ಬೆಳ್ಳಗೆ ಬಂದರೆ, ಓಡಾಡುವ ಮಕ್ಕಳಿರುವ ಮನೆಯೊಳಗೆ ಅದು ಬೇಡ. ಸಂತೆಯದನ್ನು ನಾನು ತೋಟದ ಬೇಲಿಗೆ ಸಾಗಿಸಿದೆ, ಅಲ್ಲಿ ಸುಖವಾಗಿದೆ.

ಪಾಪಾಸುಕಳ್ಳಿಯ ಮಾತು ಬಂದಿತಲ್ಲ, ಅದರದೂ ಒಂದು ಕಥೆ. ಕೆಂಪು ಬಣ್ಣ ಕೊಡುವ ಒಂದು ಹುಳು ಆ ಕಳ್ಳಿಯ ಮೇಲೆ ಸಾಕಣೆಯಾಗುತ್ತದೆಂದು ಈಸ್ಟ್ ಇಂಡಿಯಾ ಕಂಪನಿಯವರು ಆಸೆಪಟ್ಟಿದ್ದರು. 1795ರಲ್ಲಿ ಬ್ರೆಜಿಲ್ ಕಡೆಯಿಂದ ಹುಳು ತರಿಸಿದರೆ ಅದು ಬೇರೆ ಜಾತಿಯದು. ಒಳ್ಳೆಯ ಬಣ್ಣ ಕೊಡಲಿಲ್ಲ, ಕಳ್ಳಿಯನ್ನು ಮಾತ್ರ ತಿಂದು ಹಾಕಿತು. ಮುಂದೆ ಇನ್ನೊಂದು ಜಾತಿಯ ಪಾಪಾಸುಕಳ್ಳಿ ದಕ್ಷಿಣದ ಹೊಲಗದ್ದೆಗಳನ್ನೆಲ್ಲ ಮುಚ್ಚಿದಾಗ, 1926ರಲ್ಲಿ ಸಿಂಹಳದಿಂದ ಬೇಕೆಂದೇ ಒಂದು ಹುಳು ತಂದು ಬಿಟ್ಟು ಅದನ್ನು ಅಡಗಿಸಿದರು. ಈಗ ತೆಂಗಿನ ಕಪ್ಪುತಲೆ ಹುಳಕ್ಕೆ ಪರೋಪಜೀವಿ ಬಿಡುತ್ತಾರಲ್ಲ, ಅದೇ ಉಪಾಯ. ಆ ಹುಳುವಿನ ದೂರದ ನೆಂಟ ನಮ್ಮ ಮನೆಯ ಕಳ್ಳಿಗೂ ಬರುತ್ತದೆ, ದಾಸವಾಳಕ್ಕೆ ಬರುವ ಹಿಟ್ಟು ತಿಗಣೆ. ಏಣಿನ ಸಂದಿಯಲ್ಲಿ ಬಿಳಿ ಹತ್ತಿ ಕಂಡರೆ, ಕಡ್ಡಿಗೆ ಹತ್ತಿ ಸುತ್ತಿ ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ. ವಾರ ಬಿಟ್ಟು ಮತ್ತೊಮ್ಮೆ ಒರೆಸಿ.

ಅತ್ತೆಯವರ ವಿಷಯಕ್ಕೆ ಬರುತ್ತೇನೆ. ನೀವೂ ಕಾಯುತ್ತಿರುತ್ತೀರಿ.

ಅಟ್ಟದಿಂದ ಇಳಿದ ತುಂಡು ತೊಟ್ಟಿಯ ಅಂಚಿನಲ್ಲಿ ತುದಿ ಚಿಗುರಿದ ದಿನ ಅವರ ಕಣ್ಣಿಗೆ ಬಿತ್ತು. "ಇದಿನ್ನೂ ಬದುಕೈತಾ?" ಅಂದರು. ನಾನು ವಾದಕ್ಕೆ ಹೋಗಲಿಲ್ಲ. ಹಿತ್ತಲಲ್ಲಿ ಅವರೇ ಸಾಕಿದ ಬ್ರಹ್ಮಕಮಲದ ಹತ್ತಿರ ಕರೆದುಕೊಂಡು ಹೋದೆ. ಮಳೆಗಾಲದ ರಾತ್ರಿ ಅದು ಅರಳಿದರೆ ಬೀದಿಯವರನ್ನೆಲ್ಲ ಕರೆದು, ಊದುಬತ್ತಿ ಹಚ್ಚಿ ಕೈಮುಗಿಯುವವರು ಅವರೇ. "ಅತ್ತೆ, ಇದೂ ಕಳ್ಳಿಯೇ" ಅಂದೆ. ಹೌದು ಸೋದರಿಯರೇ, ನಮ್ಮ ಮನೆಗಳ ಬ್ರಹ್ಮಕಮಲ ಹಿಮಾಲಯದ ಹೂವಲ್ಲ. ಹಿಮಾಲಯದ ಬ್ರಹ್ಮಕಮಲ ಬೇರೆ ಗಿಡ. ಇದು ಮೆಕ್ಸಿಕೋ ಕಡೆಯ ಕಾಡಿನ, ಮರದ ಮೇಲೆ ಜೋತಾಡುವ ಒಂದು ಕಳ್ಳಿ. ನಾವು ಎಲೆ ಅನ್ನುವುದು ಅದರ ಚಪ್ಪಟೆ ಕಾಂಡ, ಅದಕ್ಕೇ ಮೊಗ್ಗು "ಎಲೆ"ಯ ಅಂಚಿನಿಂದ ಬರುತ್ತದೆ. ನನ್ನ ಕಂಬದ ಕಳ್ಳಿಯ ಹೂವೂ ಬಿಳಿ, ಅದೂ ರಾತ್ರಿಯೇ ಅರಳಿ ಬೆಳಿಗ್ಗೆ ಬಾಡುತ್ತದೆ. ಈಗ ಬಯಲುಸೀಮೆಯಲ್ಲಿ ರೈತರು ಬೆಳೆಯುತ್ತಿರುವ, ತುಮಕೂರಿನ ಹತ್ತಿರ ಹಿರೇಹಳ್ಳಿಯ ತೋಟಗಾರಿಕಾ ಕೇಂದ್ರದಲ್ಲೂ ಬೆಳೆಸುವ ಡ್ರ್ಯಾಗನ್ ಹಣ್ಣಿದೆಯಲ್ಲ, ಅದೂ ಇದೇ ಕುಲ, ಅದರ ಹೂವೂ ರಾತ್ರಿಯದೇ. (ಬ್ರಹ್ಮಕಮಲಕ್ಕೆ ಮಾತ್ರ ಈ ನೀರಿನ ಲೆಕ್ಕ ಹಿಡಿಸಬೇಡಿ. ಕಾಡಿನ ಗಿಡವಾದ್ದರಿಂದ ಅದಕ್ಕೆ ಅರೆನೆರಳು, ಹೆಚ್ಚು ನೀರು ಬೇಕು. ನಾರಿನ ಹೊಟ್ಟೂ ಅದಕ್ಕೆ ಆಗುತ್ತದೆ.)

ಅತ್ತೆಯವರು ಬಹಳ ಹೊತ್ತು ಬ್ರಹ್ಮಕಮಲವನ್ನೇ ನೋಡಿದರು. ಮೂವತ್ತೇಳು ಮರ ಹೋದದ್ದು ಮಳೆಯಿಲ್ಲದೆ, ಕೊಳವೆಬಾವಿ ಬತ್ತಿ ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಪಕ್ಕದ ತೋಟದಲ್ಲೂ ಹೋಗಿದ್ದವು, ಆ ಮನೆಯಲ್ಲಿ ಕಳ್ಳಿ ಇರಲಿಲ್ಲ. ಆದರೆ ಮಳೆಯನ್ನು ಬೈದರೆ ಮಳೆ ಕೇಳಿಸಿಕೊಳ್ಳುವುದಿಲ್ಲ, ಸೊಸೆ ಕೇಳಿಸಿಕೊಳ್ಳುತ್ತಾಳೆ. "ಹಂಗಾದ್ರೆ ತೊಟ್ಟೀಲಿ ಇರ್ಲಿ. ದೇವ್ರ ಕೋಣೆ ಕಡೆ ಬ್ಯಾಡ" ಅಂದರು. ನಾನೂ ಹ್ಞೂಂ ಅಂದೆ. ಈಗ ಅದು ಏಳು ಅಡಿ, ತೊಟ್ಟಿಯ ಹೆಂಚಿನ ಅಂಚು ಮುಟ್ಟಿದೆ. ಇನ್ನೂ ಹೂ ಬಿಟ್ಟಿಲ್ಲ. ಚೆನ್ನಾಗಿ ಬಲಿತು ಬಿಸಿಲು ಕುಡಿದ ಮೇಲೆಯೇ ಬಿಡುವುದು, ಮನೆಯೊಳಗೆ ಬಿಡದೆಯೂ ಇರಬಹುದು. ಅತ್ತೆಯವರಿಗೆ ಆ ಗಿಡ ಇವತ್ತಿಗೂ ಇಷ್ಟವಿಲ್ಲ. ಆದರೆ ಯಾರಾದರೂ ನೆಂಟರು ಬಂದು, "ಇದೇನ್ರೀ ಮನೆ ಒಳಗೆ ಕಳ್ಳಿ?" ಅಂದರೆ, "ಹಾಲು ಬರೋದಲ್ಲ, ಇದು ಬ್ಯಾರೆ" ಎಂದು ಮೊದಲು ಉತ್ತರ ಕೊಡುವವರು ಅವರೇ.

ಚಿಕ್ಕನಾಯಕನಹಳ್ಳಿಯ ಸೋದರಿ, ನೀವು ಹೀಗೆ ಮಾಡಿ. ನಾಳೆ ಬೆಳಿಗ್ಗೆ ಕುಂಡದಿಂದ ಗಿಡ ತೆಗೆಯಿರಿ. ಹಿಡಿದುಕೊಳ್ಳಲು ಹಳೆ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಸುತ್ತಿ, ಬರಿಗೈ ಬೇಡ. ಮೊದಲು ಸೂಜಿ ಚುಚ್ಚಿ ಹಾಲೋ ನೀರೋ ನೋಡಿ. ನೀರಾದರೆ, ಕೊಳೆತದ್ದೆಲ್ಲ ಹೋಗಿ ಶುದ್ಧ ತಿರುಳು ಕಾಣುವ ತನಕ ಕತ್ತರಿಸಿ. ಸಂಕಟವಾಗುತ್ತದೆ, ಆದರೂ ಕತ್ತರಿಸಿ. ಒಂದು ಗೇಣು ಉಳಿದರೂ ಸಾಕು. ಅಟ್ಟವಿದ್ದರೆ ಅಟ್ಟದ ಮೇಲೆ, ಇಲ್ಲದಿದ್ದರೆ ಬೀರುವಿನ ಮೇಲೆ ನೆಟ್ಟಗೆ ನಿಲ್ಲಿಸಿ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ, ನಾಲ್ಕು ವಾರ ತಿರುಗಿ ನೋಡಬೇಡಿ. ಆಮೇಲೆ ಮೇಲೆ ಹೇಳಿದ ಒಣ ಮಣ್ಣಿನಲ್ಲಿ ಎರಡು ಮೂರು ಅಂಗುಲ ಇಳಿಸಿ, ಅಲ್ಲಾಡದ ಹಾಗೆ ಎರಡು ಕಡ್ಡಿ ಕೊಟ್ಟು ನಾರಿನ ಹಗ್ಗದಿಂದ ಸಡಿಲವಾಗಿ ಕಟ್ಟಿ. ಮೊದಲ ನೀರು ಹತ್ತು ದಿನದ ಮೇಲೆ, ಅದೂ ಅರ್ಧ ಚೊಂಬು. ಮೆಲ್ಲಗೆ ಎತ್ತಿದರೆ ಮಣ್ಣು ಹಿಡಿದುಕೊಂಡಿದೆ ಅನ್ನಿಸಿದ ಮೇಲೆ ಪೂರ್ತಿ ನೀರು.

ಮಗಳಿಗೆ ಈಗಲೇ ಏನೂ ಹೇಳಬೇಡಿ, ಮುಂದಿನ ರಜೆಗೆ ಬಂದಾಗ ನೋಡಿಕೊಳ್ಳಲಿ. ಅತ್ತೆಯವರು ಕೇಳಿದರೆ ಬ್ರಹ್ಮಕಮಲದ ತಂಗಿ ಅನ್ನಿ. ಬೇರು ಬಿಟ್ಟ ದಿನ ನನಗೊಂದು ಸಾಲು ಬರೆಯಿರಿ.